ಕಡು ಕಂದೋ, ಗಾಢ ಕಂದೋ

ಗಂಡ: ಬಲಗಡೆದೇ ಇರಲಿ ಅಂದೆನಲ್ಲ. ಅದು ಗಾಢ ಕಂದು. ಎಷ್ಟು ಗಂಭೀರವಾಗಿದೆ ನೋಡು.

ಹೆಂಡತಿ: ಎಡಗಡೆ ಕಡು ಕಂದೇ ಚೆಂದ. ನಿಮ್ಮದು ಯಾರೋ ಕೈ ಒರೆಸಿದ ಹಾಗಿದೆ.

(ಕೋಣೆಯ ಸಾಮಾನೆಲ್ಲ ಹೊರಗಿತ್ತು. ಎರಡೂ ಬಣ್ಣದ ಮಾದರಿ ಹಚ್ಚು ಎಂದು ಪೇಂಟರ್‌ಗೆ ಹೇಳಿದ್ದರು; ಅವನು ಹೊರಗೆ ಹೋಗಿದ್ದ. ಗೋಡೆಯ ಮೇಲೆ ಎಡಕ್ಕೊಂದು ಚೌಕ, ಬಲಕ್ಕೆ ಸ್ವಲ್ಪ ಕೆಳಗೆ ಗುಂಡಗೆ ಇನ್ನೊಂದು. ಯಾರ ಬಣ್ಣ ಗೆಲ್ಲುತ್ತದೋ ಕೋಣೆ ಅವರದು ಎಂದು ಮಾತಾಗಿತ್ತು. ಅವಳಿಗೆ ಹೊಲಿಗೆ ಮೆಷಿನ್ ಇಡಲು ಜಾಗ ಬೇಕಿತ್ತು.)

ಹೆಂಡತಿ: ಕಡು ಅಂದ್ರೂ ಗಾಢ ಅಂದ್ರೂ ಒಂದೇ ಅಲ್ವೇನ್ರೀ?

ಗಂಡ: ಒಂದೇ ಆಗಿದ್ರೆ ಎರಡು ಹೆಸರು ಯಾಕೆ? ಈಗ ಹೆಂಡತಿ ಅಂದ್ರೂ ಮನೆಯವಳು ಅಂದ್ರೂ...

ಹೆಂಡತಿ: ಒಬ್ಬಳೇ. ಅಲ್ಲದಿದ್ರೆ ಈಗ್ಲೇ ಹೇಳಿಬಿಡಿ.

ಗಂಡ: ಮಾತು ತಿರುಗಿಸಬೇಡ. ದಿನಾ ಮಧ್ಯಾಹ್ನ ಇಲ್ಲಿ ಕೂತು ಓದೋನು ನಾನು. ಬಣ್ಣಾನೂ ನಂದೇ.

ಹೆಂಡತಿ: ಓದಿ ಓದಿ ಕಣ್ಣು ಮಂಜಾಗಿದೆ. ವಯಸ್ಸಾಯ್ತಲ್ಲ.

ಗಂಡ: ವಯಸ್ಸಾ? ಈ ತಲೇಲಿ ಒಂದು ಬಿಳಿ ಕೂದಲು ತೋರಿಸು. ನಮ್ಮ ವಂಶದಲ್ಲೇ ಕೂದಲು ನರೆಯಲ್ಲ.

(ಪೇಂಟರ್ ಡಬ್ಬ ಹಿಡಿದು ಒಳಗೆ ಬಂದ.)

ಪೇಂಟರ್: ಅಂತೂ ಗಾಢ ಕಂದು ಸಿಕ್ತು ಸಾರ್. ಸ್ವಲ್ಪ ಸರೀರಿ, ಮಾದರಿ ಹಚ್ತೀನಿ.

ಗಂಡ: ಹಚ್ಚಾಗಿದೆಯಲ್ಲಯ್ಯಾ. ಇದೇ ಗಟ್ಟಿ ಮಾಡಿದ್ದೀನಿ.

ಪೇಂಟರ್: ಅದು ನಾನು ಹಚ್ಚಿದ್ದಲ್ಲ ಸಾರ್. ಕುರ್ಚಿ ತೆಗೆದಾಗ್ಲೇ ಇತ್ತು. ಉಜ್ಜಿದೆ, ಹೋಗ್ಲಿಲ್ಲ.

(ಹೆಂಡತಿ ಹೊರಗೆ ಹೋದಳು. ಕುರ್ಚಿ ತಂದು ಮೊದಲಿದ್ದ ಜಾಗದಲ್ಲೇ ಇಟ್ಟಳು.)

ಹೆಂಡತಿ: ಕೂತ್ಕೊಳ್ಳಿ.

ಗಂಡ: ಯಾಕೆ?

ಹೆಂಡತಿ: ದಿನಾ ಓದ್ತೀರಲ್ಲ, ಹಾಗೇ ಕೂತ್ಕೊಳ್ಳಿ.

(ಅವನು ಬೆನ್ನು ನೆಟ್ಟಗೆ ಮಾಡಿ ಕುಳಿತ. ಆದರೆ ಅಭ್ಯಾಸ ಬಿಡಲಿಲ್ಲ. ತಲೆ ಮೆಲ್ಲಗೆ ಹಿಂದಕ್ಕೆ ಒರಗಿ, ಆ ಗುಂಡು ಗುರುತಿನ ಮೇಲೆ ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತಿತು.)

ಹೆಂಡತಿ: ಓದಿದ್ದೂ ಗೊತ್ತಾಯ್ತು, ವಂಶಾನೂ ಗೊತ್ತಾಯ್ತು. ಬಣ್ಣ ಬಯಲಾಯ್ತಲ್ಲ ರೀ.

(ಗಂಡನ ಮುಖ ಮೊದಲ ಸಲ ನಿಜವಾಗಿ ಕಂದಿತು.)

ಗಂಡ: ಮೆಷಿನ್ ಕಿಟಕಿ ಹತ್ರ ಇಡ್ಲಾ, ಬಾಗಿಲ ಹತ್ರಾನಾ?

ಹೆಂಡತಿ: ಕಿಟಕಿ ಹತ್ರ.

(ಪೇಂಟರ್ ಮಾತ್ರ ಇನ್ನೂ ಆ ಗುರುತನ್ನು ಉಗುರಿನಿಂದ ಕೆರೆಯುತ್ತಲೇ ಇದ್ದ.)

ಪೇಂಟರ್: ಏನು ಹಿಡ್ದಿದೆ ಸಾರ್ ಗೋಡೆಗೆ! ನೀವು ತಲೆಗೆ ಹಾಕೋದು ಯಾವ ಅಂಗಡೀದು? ಇನ್ಮೇಲೆ ಎಲ್ಲಾ ಮನೆಗೂ ಅದನ್ನೇ ಬಳೀತೀನಿ.