ಅಳಿಸಿದ ಅಜ್ಜ

ಕೊಡ್ಲಿಪೇಟೆಯಲ್ಲಿ ನನ್ನದು ಕಂಪ್ಯೂಟರ್ ರಿಪೇರಿ ಅಂಗಡಿ. ಪ್ರಿಂಟರು, ವೈರಸ್ಸು ಅಂತ ನೆಟ್ಟಗಿನ ಕೆಲಸ ಬರೋದು ಕಮ್ಮಿ, ಒಳಗೆ ದೆವ್ವ ಹೊಕ್ಕಿದೆ ಅಂತ ಕರೆಯೋರೇ ಜಾಸ್ತಿ. ಅದರಲ್ಲೂ ಪಕ್ಕದ ಬೀದಿಯ ಫೋಟೋ ಸ್ಟುಡಿಯೋದವರು.

ಕೂಗುವ ಪೆಟ್ಟಿಗೆ

"ಬೇಗ ಬಾರೋ, ಒಳಗೆ ಏನೋ ಕೂಗ್ತಾ ಇದೆ!" ಅಂತ ಫೋನು. ಹೋದರೆ ಮಟಮಟ ಮಧ್ಯಾಹ್ನವೇ ಮಂಜು ಕವಿದು ಕತ್ತಲು. ಸ್ಟುಡಿಯೋದವರು ಬಾಗಿಲ ಹೊರಗೆ. ಒಳಗೆ ಖಾಲಿ ಕೋಣೆಯಲ್ಲಿ ಒಂದೇ ಸಮ ಕೀಂ... ಕೀಂ... ಕಂಪ್ಯೂಟರಿಗೆ ನಿಂಬೆಹಣ್ಣು ಕಟ್ಟಿತ್ತು. ಸುಳ್ಳು ಯಾಕೆ, ನನಗೂ ಮೈ ಜುಂ ಅಂತು.

ಒಂದು ಹೋದರೆ ಇನ್ನೊಂದು ಇರಲಿ ಅಂತ ಅವರು ಮದುವೆ ಫೋಟೋಗಳನ್ನು ಎರಡು ಡಿಸ್ಕಿನಲ್ಲಿ ಒಟ್ಟಿಗೇ ಇಡುತ್ತಿದ್ದರು. ಎರಡನ್ನೂ ನೋಡಿಕೊಳ್ಳೋಕೆ ಒಳಗೊಂದು ಕಾರ್ಡು. ಒಂದು ಡಿಸ್ಕು ಕೆಟ್ಟಿದ್ದಕ್ಕೆ ಆ ಕಾರ್ಡು ಬಾಯಿ ಬಡಿದುಕೊಳ್ಳುತ್ತಿತ್ತು, ಅಷ್ಟೇ. ಡಿಸ್ಕು ಬದಲಾಯಿಸಿದೆ, ಕೂಗು ನಿಂತಿತು.

"ನಿಂಬೆಹಣ್ಣಿನ ಪವರ್ ನೋಡ್ದಾ?" ಅಂದರು.

ಕನ್ನಡಿಯೊಳಗಿನವನು

ಮುಂದಿನ ಮಳೆಗಾಲಕ್ಕೆ ಆ ಕಾರ್ಡೇ ಸುಟ್ಟಿತು. ಡಿಸ್ಕೆರಡೂ ಗಟ್ಟಿಮುಟ್ಟು, ಆದರೆ ಅಂಥದ್ದೇ ಕಾರ್ಡು ಇಲ್ಲದೆ ಬಾಯಿ ಬಿಡವು. ಊರೂರು ಅಲೆದು ಹಳೇ ಕಾರ್ಡೊಂದನ್ನು ತಂದು ಫೋಟೋ ಉಳಿಸಿದೆ. ಇದರ ಸಹವಾಸ ಸಾಕು ಅಂತ ಆ ಕೆಲಸವನ್ನು ಸಾಫ್ಟ್‌ವೇರಿಗೇ ವಹಿಸಿದೆ. ಅದು ಕೂಗಲ್ಲ. ಏನಾದರೂ ಕೆಟ್ಟರೆ ಪರದೆಯ ಮೂಲೆಯಲ್ಲಿ ಒಂದು ಸಾಲು ತೋರಿಸಿ ಸುಮ್ಮನಾಗುತ್ತೆ. ನಮ್ಮ ಸ್ಟುಡಿಯೋದವರು ಮೂಲೆ ನೋಡೋರಲ್ಲ.

ಜಾಗ ಸಾಲದೆ ಅವರು ಒಂದು ಹಳೇ ಮದುವೆಯನ್ನೇ ಅಳಿಸಿಬಿಟ್ಟರು. "ಇನ್ನೊಂದು ಡಿಸ್ಕಲ್ಲಿ ಇರುತ್ತಲ್ಲೋ?"

"ಕನ್ನಡಿ ಮುಂದೆ ಕೂತು ತಲೆ ಬೋಳಿಸಿಕೊಂಡ್ರೆ ಕನ್ನಡಿಯೊಳಗಿನವನಿಗೆ ಕೂದಲು ಉಳಿಯುತ್ತಾ?" ಅಂದೆ.

ಪಾಪ, ಅವರು ತಮ್ಮ ಬೋಳುತಲೆ ಸವರಿಕೊಂಡರು.

ಎದ್ದು ಬಂದವರು

ಒಂದು ದಿನ ನಾನಲ್ಲಿ ಕೂತಿದ್ದಾಗ ಒಬ್ಬ ಅಜ್ಜಿ ಬಂದರು. ಅಳಿಸಿದ್ದು ಅವರ ಮೊಮ್ಮಗಳ ಮದುವೆ.

"ನಮ್ಮನೆಯವ್ರು ಹೋಗ್ಬಿಟ್ರಪ್ಪ. ನಾಡಿದ್ದು ಶಿವಗಣಾರಾಧನೆ. ಇಡಕ್ಕೆ ಅವ್ರದೊಂದು ಫೋಟೋ ಇಲ್ಲ. ಮದ್ವೇಲಿ ನೀವು ತೆಗ್ದಿದ್ರಲ್ಲ?"

ಕ್ಯಾಮರಾ ಕಂಡರೆ ತಿರುಗಿ ನಿಲ್ಲುವ ಆಸಾಮಿ ಆ ಅಜ್ಜ. ಆಲ್ಬಮ್ಮಿನಲ್ಲೂ ಬರೀ ಬೆನ್ನು. ಆಲ್ಬಮ್ಮಿಗೆ ಹೋಗದ ಒಂದೇ ಒಂದರಲ್ಲಿ ನಕ್ಕಿದ್ದರು. ಅದು ಎಷ್ಟು ಚೆನ್ನಾಗಿತ್ತೆಂದರೆ ಸ್ಟುಡಿಯೋದವರು ಪರದೆ ತುಂಬ ಅದನ್ನೇ ಹಾಕಿಕೊಂಡಿದ್ದರು. ಮದುವೆಯ ಜೊತೆ ಅದೂ ಹೋಗಿತ್ತು.

"ಅಳಿಸ್ಬಿಟ್ಟೆ ತಾಯಿ, ತಪ್ಪಾಯ್ತು" ಅಂದರು ಸ್ಟುಡಿಯೋದವರು. ಅಜ್ಜಿ ಅಲ್ಲೇ ಸ್ಟೂಲಿನ ಮೇಲೆ ಕೂತುಬಿಟ್ಟರು.

ಅಷ್ಟರಲ್ಲಿ ಸಿಡಿಲು. ಕರೆಂಟು ಹೋಗಿ ಬಂತು. ಕಂಪ್ಯೂಟರು ತಾನಾಗೇ ಎದ್ದಿತು. ಕತ್ತಲ ಕೋಣೆಯಲ್ಲಿ, ಪರದೆ ತುಂಬ, ಅಜ್ಜ! ನಮ್ಮನ್ನೇ ನೋಡಿ ನಗುತ್ತಿದ್ದಾರೆ.

"ಅಯ್ಯೋ ಶಿವನೇ!" ಅಂತ ಸ್ಟುಡಿಯೋದವರು ಬೀದಿಗೆ ಹಾರಿದರು. ನನ್ನ ಕಾಲು ಏಳಲಿಲ್ಲ, ಇಲ್ಲದಿದ್ದರೆ ನಾನೂ ಓಡುತ್ತಿದ್ದೆ.

ಆಮೇಲೆ ಬಿಚ್ಚಿ ನೋಡಿದಾಗ ಗೊತ್ತಾಯಿತು. ಮದುವೆ ಅಳಿಸುವ ಮುಂಚೆಯೇ ಒಂದು ಡಿಸ್ಕು, ವೈರು ಒಂದು ಗಳಿಗೆ ಅಲುಗಾಡಿದ್ದಕ್ಕೆ, ಜೊತೆ ಬಿಟ್ಟಿತ್ತು. ಸಾಫ್ಟ್‌ವೇರು ಮೂಲೆಯಲ್ಲಿ ಹೇಳಿತ್ತು, ನೋಡಿದೋರಿಲ್ಲ. ಅಳಿಸಿದ್ದು ಆ ಡಿಸ್ಕಿಗೆ ತಿಳಿಯಲೇ ಇಲ್ಲ. ಈಗ ಸಿಡಿಲಿಗೆ ಇನ್ನೊಂದು ಸತ್ತು, ಇದು ಅಂದಿನ ಎಲ್ಲದರ ಸಮೇತ ಎದ್ದಿತ್ತು.

ಅಜ್ಜಿಗೆ ಇದ್ಯಾವುದೂ ಬೇಕಿರಲಿಲ್ಲ. ಪರದೆಯ ಹತ್ತಿರ ಹೋದರು, ಸೆರಗಲ್ಲಿ ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿದರು.

"ಇದ್ದಾಗ ಎಷ್ಟ್ ಕೂಗಿದ್ರೂ ಊಟಕ್ಕೆ ಎದ್ ಬಂದೋರಲ್ಲ. ಈಗ ಅಳಿಸಾಕಿದ್ರೂ ಎದ್ ಬಂದವ್ರೆ ನೋಡಪ್ಪ!"