ಏಳು ದಾರ ಕತ್ತರಿಸಿದ ವಿಚಾರವಾದಿ

ಧಾರವಾಡದ ಕಾಲೇಜಿನಲ್ಲಿ ಚರ್ಚಾಸ್ಪರ್ಧೆಯ ಮೂರು ಪದಕ ಗೆದ್ದವನಿಗೆ, ಯಾರಿಗೆ ಯಾವ ಔಷಧಿ ಕೊಟ್ಟರೆಂದು ಬರೆದಿಡುವುದೂ ಒಂದು ಕೆಲಸವೇ? ದಾಂಡೇಲಿಯ ವೃದ್ಧರ ಆಶ್ರಮಕ್ಕೆ ಗುಮಾಸ್ತನಾಗಿ ಸೇರಿದ ದಿನ ನಾನು ಹಾಗೆಯೇ ಅಂದುಕೊಂಡೆ. ಕಾಡಿನಲ್ಲಿ ತೇಗದ ದಿಮ್ಮಿ ಉರುಳಿಸಿ ಸವೆದ, ದಿಕ್ಕಿಲ್ಲದ ಹನ್ನೊಂದು ಜನ ಅಲ್ಲಿದ್ದರು. ಎಲ್ಲರಿಗೂ ಚಳಿಜ್ವರ. ಹಳಿಯಾಳದಿಂದ ವಾರಕ್ಕೊಮ್ಮೆ ಬರುವ ಡಾಕ್ಟರು ದಪ್ಪನೆಯ ರಿಜಿಸ್ಟರೊಂದನ್ನು ಕಳಿಸಿದ್ದರು. ಅಲ್ಲಿಯವರೆಗೆ ಆಶ್ರಮದಲ್ಲಿ ಒಂದಕ್ಷರವೂ ಬರೆದಿರಲಿಲ್ಲ. ಎಂಥ ಅನಾಗರಿಕತೆ!

ನಾನು ಕಾಲಿಟ್ಟಾಗ ಮಧ್ಯಾಹ್ನ. ಸೂಜಿ ಹಾಕುವ ಕಂಪೌಂಡರ್ ಇಮಾಮಸಾಬರು ಬೆಳಗಿನ ಕೆಲಸ ಮುಗಿಸಿ, ತಂಗಿಯ ಮಗಳ ನಿಶ್ಚಿತಾರ್ಥಕ್ಕೆ ಕೋಗಿಲಬನಕ್ಕೆ ಹೋಗಿದ್ದರು. ಮುದುಕರತ್ತ ಕಣ್ಣು ಹಾಯಿಸಿದೆ. ಏಳು ಜನರ ಮುಂಗೈಗೆ ಕೆಂಪು ದಾರ!

ಔಷಧಿ ಕೊಡುವಲ್ಲಿ ತಾಯಿತವೇ? ಬ್ಯಾಂಡೇಜಿನ ಕತ್ತರಿ ಹಿಡಿದು, ಮೂಢನಂಬಿಕೆಯ ಮೇಲೆ ಕಾಲು ಗಂಟೆ ಮಾತಾಡಿದೆ. ಗಂಗವ್ವ ಎಂಬ ಮುದುಕಿ ನಡುವೆ ಬಾಯಿ ಹಾಕಿದಳು.

"ತಮ್ಮಾ, ಅವು ದೇವರ ದಾರ ಅಲ್ಲೋ. ಇಮಾಮಸಾಬ ಅವನ್ನ..."

"ಆಯೀ, ಎದುರು ಪಕ್ಷದ ವಾದ ನನಗ ಮೊದ್ಲೇ ಗೊತ್ತೈತಿ!"

"ಗೊತ್ತಿದ್ರ ಕತ್ತರಿ ಯಾಕ ಹಿಡದೀ?"

"ಗೊತ್ತಿದ್ದದ್ದಕ್ಕ ಹಿಡದೇನಿ!"

ಏಳೂ ದಾರ ಒಲೆಗೆ ಬಿದ್ದವು. ವೈಜ್ಞಾನಿಕ ಯುಗ ಆರಂಭವಾಯಿತು!

ಅದು ಸರಿಯಾಗಿ ಎರಡು ಗಂಟೆ ಬಾಳಿತು. ಡಾಕ್ಟರು ಬಂದವರೇ, "ಇವತ್ತ ಸೂಜಿ ಆದವರು ಕೈ ತೋರಸ್ರಿ" ಎಂದರು. ಹನ್ನೊಂದು ಬರಿಗೈಗಳು.

"ದಾರ ಎಲ್ಲಿ? ಸೂಜಿ ಹಾಕಿದವರಿಗೆಲ್ಲಾ ಇಮಾಮಸಾಬ ಕಟ್ಟತಾನಲ್ಲ, ಗುರುತಿಗೆ?"

ಒಲೆಯತ್ತ ಬೆರಳು ತೋರಿಸಿದೆ. "ಅವರನ್ನ ಕೇಳಿ ಬರೀತೇನ್ರಿ" ಎಂದು ತೊದಲಿ, ಮುದುಕರತ್ತ ತಿರುಗಿದೆ.

"ಸೂಜಿ ಯಾರ್ಯಾರಿಗೆ ಆಗೇತ್ರಿ?"

ಹತ್ತು ಕೈ ಒಟ್ಟಿಗೆ ಮೇಲೆದ್ದವು! ಸೂಜಿ ತಪ್ಪಿಸಿಕೊಳ್ಳುವ ಅವಕಾಶವನ್ನು ಯಾರು ಬಿಟ್ಟಾರು?

ಏಳದೇ ಇದ್ದ ಕೈ ಸಿದ್ದಪ್ಪಜ್ಜನದು. ಗೋಡೆಯತ್ತ ಮುಖ ಮಾಡಿ ಜ್ವರದಲ್ಲಿ ಬಡಬಡಿಸುತ್ತಿದ್ದ. ಅವನ ತೋಳಿನಲ್ಲಿ ಹಳೆಯ ಸೂಜಿಯ ಗುರುತುಗಳೇ ಹತ್ತಾರು. ಡಾಕ್ಟರು ನಾಡಿ ಹಿಡಿದರು.

"ಎದಿ ಸೋತೈತಿ. ಮುಂಜಾನೆ ಸೂಜಿ ಆಗಿದ್ರ ಇನ್ನೊಂದು ತಡಕೊಳ್ಳಂಗಿಲ್ಲ. ಆಗಿರಲಿಲ್ಲಂದ್ರ ಈಗ ಬಿಡೂಹಂಗಿಲ್ಲ. ಇವನ ಕೈಯಾಗ ದಾರ ಇತ್ತೋ ಇಲ್ಲೋ?"

ಏಳು ಕೈ ಹಿಡಿದು ಕತ್ತರಿಸಿದವನಿಗೆ ಒಂದು ಮುಖವೂ ನೆನಪಿರಲಿಲ್ಲ. ದಾರ ನೋಡಿದ್ದೆನೇ ಹೊರತು ಮನುಷ್ಯರನ್ನಲ್ಲ.

ಪಕ್ಕದ ಮರದ ಡಿಪೋದವರ ಸೈಕಲ್ ಕೇಳಿ ಪಡೆದು ಕೋಗಿಲಬನಕ್ಕೆ ಹಾರಿದೆ. ದಾರಿಯಲ್ಲಿ ಎರಡು ಸಲ ಬಿದ್ದೆ. ನಿಶ್ಚಿತಾರ್ಥದ ಮನೆಯಲ್ಲಿ ಬಾಯಿಗೆ ಸಕ್ಕರೆ ಹಾಕುವ ಹೊತ್ತು. ಕೆಸರು ಮೆತ್ತಿಕೊಂಡು ನುಗ್ಗಿದೆ.

"ಇಮಾಮಸಾಬರ, ಸಿದ್ದಪ್ಪಗ ಸೂಜಿ ಹಾಕೀರೇನು?"

"ಹಾಕೀನ್ರಿ. ಕೈಗೆ ದಾರ ಕಟ್ಟೀನಲ್ಲ, ನೋಡಲಿಲ್ಲೇನು?"

"ನೋಡಿದೆ. ಕತ್ತರಿಸಿದೆ."

"ಯಾಕ್ರಿ?"

"ಮೂಢನಂಬಿಕೆ ಅಂತ..."

ಮೊದಲು ನಕ್ಕವಳು ಮದುಮಗಳೇ. ಆಮೇಲೆ ಯಾರಿಗೂ ತಡೆಯಲಾಗಲಿಲ್ಲ. ಇಮಾಮಸಾಬರು ಮಾತ್ರ ನಗಲಿಲ್ಲ. ಏಳೂ ಹೆಸರನ್ನು ಒಂದೇ ಉಸಿರಿಗೆ ಹೇಳಿ, "ಲಗೂ ಹೋಗ್ರಿ" ಎಂದರು.

ನಾನು ಆಶ್ರಮ ಮುಟ್ಟಿದಾಗ ಡಾಕ್ಟರ ಕೈಯಲ್ಲಿ ಸೂಜಿ ಸಿದ್ಧವಾಗಿತ್ತು. ಬಾಗಿಲಿನಿಂದಲೇ, "ಆಗೇತ್ರಿ! ಆಗೇತಿ!" ಎಂದು ಕೂಗಿದೆ. ನನ್ನ ಜೀವಮಾನದ ಅತಿ ಚಿಕ್ಕ ಭಾಷಣ, ಅತಿ ಉತ್ತಮವಾದದ್ದೂ ಅದೇ. ಡಾಕ್ಟರು ಸೂಜಿ ಕೆಳಗಿಟ್ಟು ಅಜ್ಜನ ಹಣೆಗೆ ಒದ್ದೆ ಬಟ್ಟೆ ಹಾಕಿಸಿದರು. ಮರುದಿನ ಸಿದ್ದಪ್ಪಜ್ಜ ಎದ್ದು ಕೂತು, "ಗಂಜಿಗೆ ಉಪ್ಪು ಕಮ್ಮಿ ಆಗೇತಿ" ಎಂದು ಬೈದ. ಬೈಗುಳ ಕೇಳಿ ನಾನು ಕುಣಿದೆ.

ರಾತ್ರಿ ಅಲ್ಲೇ ಉಳಿದಿದ್ದ ಡಾಕ್ಟರು ರಿಜಿಸ್ಟರನ್ನು ನನ್ನ ಮುಂದೆ ಸರಿಸಿದರು. "ಮೊದಲನೇ ಪುಟದಾಗ ನಿನ್ನೆ ನಡದದ್ದು ಬರೀರಿ. ಏನೂ ಬಿಡಬ್ಯಾಡ್ರಿ."

ಬರೆದೆ. ವೇಳೆ, ಹೆಸರು, ಕಾರಣ, ಪರಿಣಾಮ, ಎಲ್ಲವೂ ಕ್ರಮವಾಗಿ. ಒಂದು ಚಿತ್ತು ಇಲ್ಲ, ಒಂದು ಮಸಿ ಹನಿ ಇಲ್ಲ. ಡಾಕ್ಟರು ಎರಡು ಸಲ ಓದಿ, "ಭೇಷ್! ಹಿಂಗ ಬರೀಬೇಕ್ ನೋಡ್ರಿ" ಎಂದು ಕೆಳಗೆ ಸಹಿ ಹಾಕಿದರು.

ಹೆಮ್ಮೆಯಿಂದಲೇ ಹೇಳುತ್ತೇನೆ: ಆ ಆಶ್ರಮದ ಮೊಟ್ಟಮೊದಲ ಪರಿಪೂರ್ಣ ದಾಖಲೆ ನನ್ನ ಕೈಯದು. ವಿಷಯ, ನನ್ನ ದಡ್ಡತನ!