ಟೀವಿ ಮಾಸ್ತರರ ಹೇಳಿಕೆ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ನನಗೆ ಸಾರಾಂಶದ ಚಟ. ಕೆಲವರಿಗೆ ಎಲೆ ಅಡಿಕೆ ಇರುತ್ತದೆ, ಕೆಲವರಿಗೆ ಇಸ್ಪೀಟು, ನನಗೆ ಇದು. ಯಾರು ಏನೇ ಹೇಳಲಿ, ಅದನ್ನು ಹಿಂಡಿ, ಸೋಸಿ, ಎರಡು ಸಾಲಿಗೆ ಇಳಿಸುವವರೆಗೆ ನನಗೆ ಸಮಾಧಾನವಿರುವುದಿಲ್ಲ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವನಿಗೆ ಇದು ಅಂಟಿಕೊಳ್ಳುವುದು ಸಹಜವೇ. ವರ್ಷವಿಡೀ ‘ಮುಖ್ಯಾಂಶಗಳನ್ನು ಬರೆದುಕೊಳ್ಳಿ’ ಎಂದು ಹೇಳಿ ಹೇಳಿ, ಕೊನೆಗೆ ಜಗತ್ತಿನಲ್ಲಿ ಮುಖ್ಯಾಂಶಗಳನ್ನು ಬಿಟ್ಟು ಬೇರೇನೂ ಇಲ್ಲವೆಂದೇ ಅನ್ನಿಸತೊಡಗುತ್ತದೆ. ನನ್ನ ಹೆಂಡತಿ ಶಾಂತಾ ಒಮ್ಮೆ ತನ್ನ ತಂಗಿಯ ಮದುವೆಯ ಮಾತುಕತೆಯನ್ನು ಮುಕ್ಕಾಲು ಗಂಟೆ ವರ್ಣಿಸಿದಳು. ಯಾರು ಎಲ್ಲಿ ಕೂತಿದ್ದರು, ಯಾರು ಚಹಾ ಬೇಡವೆಂದರು, ಬೇಡವೆಂದವರು ಆಮೇಲೆ ಎಷ್ಟು ಸಲ ಕುಡಿದರು, ಎಲ್ಲ. ಪಕ್ಕದ ಮನೆಯವರು ವಿಚಾರಿಸಿದಾಗ ನಾನು ‘ಹುಡುಗ ಒಪ್ಪಿದನಂತೆ’ ಎಂದೆ. ಶಾಂತಾ ಎರಡು ದಿನ ಮಾತು ಬಿಟ್ಟಳು. ಆ ಎರಡು ದಿನ ನನ್ನ ತಾಟಿಗೂ ಊಟದ ಮುಖ್ಯಾಂಶಗಳಷ್ಟೇ ಬಿದ್ದವು.

ಈ ಚಟಕ್ಕೆ ಮದ್ದು ಅರೆದವರು ಶಾಂತಾಳ ತಂದೆ, ನನ್ನ ಮಾವ ಗುರುಲಿಂಗಪ್ಪನವರು. ಅವರು ಲಿಂಗಸುಗೂರಿನ ಕೋರ್ಟಿನಲ್ಲಿ ಸಾಕ್ಷಿಗಳ ಬಯಾನು, ಅಂದರೆ ಹೇಳಿಕೆ, ಬರೆದುಕೊಳ್ಳುತ್ತಿದ್ದ ಗುಮಾಸ್ತರು. ಬರೆದು ಬರೆದು ಬಲಗೈ ಹೆಬ್ಬೆರಳು ಒಂದು ಕಡೆಗೆ ವಾಲಿತ್ತು. ನಿವೃತ್ತರಾದ ಮೇಲೆ ಆಗಾಗ ಮಸ್ಕಿಗೆ ಮಗಳ ಮನೆಗೆ ಬರುತ್ತಿದ್ದರು. ಅವರ ಬಗ್ಗೆ ನನಗೆ ಮೊದಲು ಇದ್ದದ್ದು ಗೌರವವಲ್ಲ, ಭಯ. ಅಳಿಯನಾದವನು ಮಾವನ ಮನೆಯಲ್ಲಿ ನಾಲ್ಕು ಮಾತು ಹಾರಿಸುವುದು ಲೋಕದ ರೂಢಿ. ಈ ಮಾವನ ಮುಂದೆ ಹಾರಿಸಿದ ಮಾತು ಆರು ತಿಂಗಳ ನಂತರ ಹಾಗೇ ನೆಲಕ್ಕಿಳಿಯುತ್ತಿತ್ತು. “ಯುಗಾದಿಗೆ ನೀವು ‘ದೀಪಾವಳಿಗೆ ಬಂದ ಬರ್ತೀನ್ರೀ’ ಅಂದಿದ್ರಿ ಮಾಸ್ತರ. ‘ನೋಡೋಣು’ ಅಂತ ಅಂದಿದ್ದಿಲ್ಲ” ಎಂದು ಬಹಳ ಸೌಮ್ಯವಾಗಿ ಹೇಳುತ್ತಿದ್ದರು. ಸಿಟ್ಟಿನಿಂದ ಹೇಳಿದ್ದರೆ ವಾದಿಸಬಹುದಿತ್ತು.

ನಾನು ಹೇಳಹೊರಟಿರುವುದು ತೊಂಬತ್ತರ ದಶಕದ ಶುರುವಿನ ಮಾತು. ಮಸ್ಕಿಯ ನಮ್ಮ ಶಾಲೆಗೆ ಒಂದು ಟೀವಿ, ಒಂದು ವೀಸಿಆರ್ ಬಂದಿದ್ದವು. ವಿಜ್ಞಾನ ಪಾಠಗಳ ಕ್ಯಾಸೆಟ್ಟು ಲಿಂಗಸುಗೂರಿನಿಂದ ಬಂದು, ನಮ್ಮಲ್ಲಿ ಹದಿನೈದು ದಿನ ಇದ್ದು, ಸಿಂಧನೂರಿನ ಶಾಲೆಗೆ ಹೋಗುತ್ತಿತ್ತು. ಅದರಲ್ಲಿ ಪಾಠ ಹೇಳುವವರು ದಪ್ಪ ಮೀಸೆಯ ಒಬ್ಬ ಮಹನೀಯರು. ಬೆಂಗಳೂರು ಕಡೆಯ ತಿದ್ದಿದ ಕನ್ನಡ, ಇಸ್ತ್ರಿ ಮಾಡಿದ ಕೋಟು. ಅವರು ಬಂದ ಮೇಲೆ ನನ್ನ ಕೆಲಸ ಟೀವಿಯ ಗುಂಡಿ ಒತ್ತುವುದು ಮತ್ತು, ಚಟ ಬಿಡಬೇಕಲ್ಲ, ಪಕ್ಕದ ಬೋರ್ಡಿನ ಮೇಲೆ ಮುಖ್ಯಾಂಶ ಬರೆಯುವುದು.

ಒಂದು ದಿನ ಆ ತರಗತಿಗೆ ಅಮರಮ್ಮ ಬಂದರು. ಬಸ್ ಸ್ಟ್ಯಾಂಡಿನ ಹತ್ತಿರ ಹೊಲಿಗೆ ಅಂಗಡಿ ಇಟ್ಟಿದ್ದ, ಮೂವತ್ತರ ಆಸುಪಾಸಿನ ಹೆಣ್ಣುಮಗಳು. ಹದಿನಾಲ್ಕನೇ ವಯಸ್ಸಿನಲ್ಲಿ ಬಂದ ಜ್ವರ ಆಕೆಯ ಎರಡೂ ಕಿವಿಗಳನ್ನು ಒಯ್ದಿತ್ತು. ಮಾತು ಹಾಗೇ ಉಳಿದಿತ್ತು. ಹೀಗಾಗಿ ಆಕೆ ಬಾಯಿಂದ ಮಾತಾಡುತ್ತಿದ್ದರು, ನಾವು ಆಕೆಯ ಪಾಟಿಯ ಮೇಲೆ ಬಳಪದಿಂದ ಬರೆದು ಉತ್ತರ ಕೊಡಬೇಕಿತ್ತು. ಸಿಂಧನೂರಿನ ಒಂದು ಹೊಲಿಗೆ ತರಬೇತಿ ಕೇಂದ್ರದಲ್ಲಿ ಶಿಕ್ಷಕಿಯ ಜಾಗ ಖಾಲಿ ಇತ್ತು. ಕೈಕೆಲಸದಲ್ಲಿ ಆಕೆಯನ್ನು ಮೀರಿಸುವವರಿರಲಿಲ್ಲ. ಆದರೆ ಎಸ್ಸೆಸ್ಸೆಲ್ಸಿ ಪಾಸಾಗಿರಬೇಕು ಎಂಬ ನಿಯಮ. ಉಳಿದೆಲ್ಲ ವಿಷಯ ಮುಗಿಸಿದ್ದ ಆಕೆಗೆ ವಿಜ್ಞಾನ ಎರಡು ಸಲ ಕೈಕೊಟ್ಟಿತ್ತು. ಈ ಸಲವೂ ಹೋದರೆ ವಯಸ್ಸಿನ ಮಿತಿ ದಾಟುತ್ತಿತ್ತು.

“ಪುಸ್ತಕ ಓದತೀನ್ರೀ ಸರ. ಆದ್ರ ಅದರಾಗ ‘ಹಿಂಗ ಆಗತೈತಿ’ ಅಂತ ಇರತೈತಿ, ‘ಯಾಕ’ ಅನ್ನೋದು ಇರಂಗಿಲ್ಲ. ಟೀವಿಯಾಗ ಮಾಡಿ ತೋರಸ್ತಾರಂತಲ್ರೀ” ಎಂದರು. ನಾನು ದೊಡ್ಡ ಮನಸ್ಸು ಮಾಡಿ ಮುಂದಿನ ಬೆಂಚು ಕೊಟ್ಟೆ.

ಅಂದಿನ ಪಾಠ ಆಮ್ಲಗಳದು. ಮೀಸೆಯವರು ಮಾತಾಡುತ್ತಿದ್ದರು, ನಾನು ಟೀವಿಗೆ ಬೆನ್ನು ಹಾಕಿ ಬೋರ್ಡು ತುಂಬುತ್ತಿದ್ದೆ. ಎಷ್ಟೋ ವರ್ಷದಿಂದ ಕಲಿಸಿದ ಪಾಠ, ಅದರಲ್ಲಿ ಕೇಳುವುದೇನಿದೆ? ‘ಆಮ್ಲಕ್ಕೆ ನೀರು ಬೆರೆಸಿ ತೆಳುವಾಗಿಸಬೇಕು’ ಎಂದು ಬರೆದೆ. ಹಿಂದಿನಿಂದ ಅಮರಮ್ಮನ ಧ್ವನಿ ಬಂತು: “ಸರ, ಅವ್ರು ನೀರಾಗ ಆಸಿಡ್ ಹಾಕಾಕತ್ತಾರ. ನೀವು ಆಸಿಡ್‌ನ್ಯಾಗ ನೀರು ಅಂತ ಬರದೀರಿ.” ಹೊಲಿಗೆಯವರ ಕಣ್ಣು, ಎದುರಿನವರ ಕೈಯನ್ನು ಬಿಡುವುದಿಲ್ಲ. ನಾನು ತಿರುಗದೆಯೇ “ಎರಡೂ ಒಂದೇ” ಎಂದುಬಿಟ್ಟೆ. ಇಡೀ ತರಗತಿ ಘೊಳ್ಳೆಂದಿತು. ಅಮರಮ್ಮ ಸುತ್ತ ನೋಡಿದರು. ಎಲ್ಲರ ಬಾಯಿ ನಗುತ್ತಿತ್ತು. “ಯಾಕ ನಗಾಕತ್ತಾರ್ರೀ?” ಎಂದು ಪಾಟಿ ಮುಂದೆ ಮಾಡಿದರು. ನಾನು ಅದರ ಮೇಲೆ ‘ಏನಿಲ್ಲ’ ಎಂದು ಬರೆದುಕೊಟ್ಟೆ.

ಆಕೆ ಅದನ್ನು ಓದಿ, ಸೆರಗಿನಿಂದ ಒರೆಸಿ, ಎದ್ದು ನಿಂತರು. “ಜ್ವರ ಬಂದು ಹ್ವಾದಾಗಿಂದ ಎಲ್ಲಾರೂ ಇದ ಒಂದ ಮಾತು ಬರದು ಕೊಡ್ತಾರ್ರೀ ಸರ. ಮನ್ಯಾಗ ಅಳಾಕತ್ತಿರ್ತಾರ, ಕೇಳಿದ್ರ ಏನಿಲ್ಲ. ನಗಾಕತ್ತಿರ್ತಾರ, ಏನಿಲ್ಲ. ಇದನ್ನ ಓದಾಕ ನಾನು ಅಂಗಡಿ ಮುಚ್ಚಿ ಬರಬೇಕಾಗಿಲ್ಲ.” ಹೊರಟೇಹೋದರು.

ರಾತ್ರಿ ಊಟಕ್ಕೆ ಕೂತಾಗ, ಆಗ ನಮ್ಮ ಮನೆಗೆ ಬಂದಿದ್ದ ಮಾವನವರಿಗೆ ವಿಷಯ ಹೇಳಿದೆ. ಹೇಗೆ ಹೇಳಿದೆ ಎಂದು ನೀವೇ ಊಹಿಸಬಹುದು: “ಒಬ್ಬ ಹೆಣ್ಣುಮಗಳು ಇವತ್ತು ಸಿಟ್ಟಾಗಿ ಎದ್ದು ಹೋದ್ಲು ಮಾವಾರ.” ಮಾವನವರು ರೊಟ್ಟಿ ಮುರಿಯುವುದನ್ನು ನಿಲ್ಲಿಸಿದರು.

“ಸಿಟ್ಟಾಗಿ ಅನ್ನೋದು ನಿಮ್ಮ ಅಭಿಪ್ರಾಯ. ಆಕಿ ಏನಂದ್ಲು, ಅದನ್ನ ಹೇಳ್ರಿ.”

ಹೇಳಿದೆ. ಅದಕ್ಕೆ ಮೊದಲು ನಾನೇನೆಂದೆ, ಅದಕ್ಕೂ ಮೊದಲು ಟೀವಿಯವರೇನೆಂದರು ಎಂದು ಅವರು ಹಿಂದೆ ಹಿಂದೆ ಕೆದಕುತ್ತಾ ಹೋದರು. ಟೀವಿಯವರು ಏನೆಂದರೋ ನನಗೆ ಗೊತ್ತಿರಲಿಲ್ಲ. ಮಾವನವರು ಶಾಂತಾಳ ಕಡೆ ನೋಡಿದರು, ಶಾಂತಾ ನನ್ನ ಕಡೆ ನೋಡಿದಳು. ಆಮೇಲೆ ಮಾವನವರು ಮಜ್ಜಿಗೆ ಕುಡಿದು ಹೇಳಿದರು: “ಕಿವಿ ಇದ್ದ ನೀವು ಕೇಳಿಲ್ಲ. ಕೇಳಾಕ ಬಂದ ಆಕಿಗೆ ಕಿವಿ ಇಲ್ಲ. ನಾಳೆ ಭಾನುವಾರ ಐತಲ್ಲ, ಕೀಲಿಕೈ ಇಸಕೊಂಡು ಬರ್ರಿ. ಆ ಟೀವಿಯವ್ರ ಬಯಾನು ನಾ ಬರಕೋತೀನಿ.”

ಹೆಡ್‌ಮಾಸ್ತರರನ್ನು ಬೇಡಿ ಕೀಲಿಕೈ ತಂದೆ. ಕ್ಯಾಸೆಟ್ಟು ಸಿಂಧನೂರಿಗೆ ಹೋಗಲು ಹನ್ನೊಂದು ದಿನ ಉಳಿದಿತ್ತು, ಅದರಲ್ಲಿ ನಾಲ್ಕು ಪಾಠಗಳಿದ್ದವು. ಮಾವನವರು ಬಿಳಿ ಧೋತರ, ಕರಿ ಟೊಪ್ಪಿಗೆ ಹಾಕಿಕೊಂಡು, ಕೋರ್ಟಿಗೆ ಹೋಗುವವರಂತೆಯೇ ಬಂದರು. ಉದ್ದನೆಯ ಹಾಳೆಗೆ ಎಡಗಡೆ ಅಂಚು ಮಡಚಿ, ಅಲ್ಲಿ ವೀಸಿಆರಿನ ಮುಖದ ಮೇಲೆ ಓಡುವ ಅಂಕಿಯನ್ನು ಗುರುತು ಹಾಕಿಕೊಂಡರು. ಕೆಳಗೆ ಒಂದು ಕಾರ್ಬನ್ನು. ನನಗೆ ಗುಂಡಿ ಒತ್ತುವ ಕೆಲಸ. ಒಂದು ವಾಕ್ಯ ಓಡಿಸು, ನಿಲ್ಲಿಸು, ಹಿಂದಕ್ಕೆ ಸುತ್ತು, ಮತ್ತೆ ಓಡಿಸು. ನಿಲ್ಲಿಸಿದಾಗಲೆಲ್ಲ ಮೀಸೆಯವರು ಬಾಯಿ ತೆರೆದುಕೊಂಡು ಗಡಗಡ ನಡುಗುತ್ತಾ ಕಾಯುತ್ತಿದ್ದರು. ಯಾವ ಸಾಕ್ಷಿಯೂ ತಮ್ಮ ಮುಂದೆ ಇಷ್ಟು ತಾಳ್ಮೆಯಿಂದ ನಿಂತಿರಲಿಲ್ಲವೆಂದು ಮಾವನವರು ಮೆಚ್ಚಿಕೊಂಡರು.

ಮಾವನವರು ಮಾತನ್ನಷ್ಟೇ ಬರೆಯಲಿಲ್ಲ. ‘ಇಲ್ಲಿ ಗಂಟಲು ಸರಿಮಾಡಿಕೊಂಡರು.’ ‘ಇಲ್ಲಿ ಹಿಂದೆ ಪಿಟೀಲು ನುಡಿಯುತ್ತದೆ, ಕಾರಣ ತಿಳಿಯದು.’ ‘ಗಾಜಿನ ಪಾತ್ರೆಯಿಂದ ಚುರ್ ಎಂಬ ಸದ್ದು.’ ಒಂದು ಕಡೆ ‘ನಾಯಿ ಬೊಗಳಿತು’ ಎಂದು ಬರೆದು ಅನುಮಾನ ಬಂದು, ಮತ್ತೆ ಸುತ್ತಿಸಿ ಕೇಳಿ, ಅದು ನಮ್ಮ ಶಾಲೆಯ ಅಂಗಳದ ನಾಯಿಯೆಂದು ಖಾತ್ರಿಯಾದ ಮೇಲೆ ಹೊಡೆದುಹಾಕಿ, ಪಕ್ಕದಲ್ಲಿ ‘ಈ ನಾಯಿಗೂ ಪಾಠಕ್ಕೂ ಸಂಬಂಧವಿಲ್ಲ’ ಎಂದು ಸಹಿ ಮಾಡಿದರು. ಇಂಥದ್ದೆಲ್ಲ ಯಾಕೆ ಎಂದು ನಾನು ಗೊಣಗಿದೆ. “ನಮಗ ಕೇಳಿಸಿದ್ದು ಆಕಿಗೂ ಸಿಗಬೇಕು. ಯಾವುದು ಬೇಕು ಯಾವುದು ಬ್ಯಾಡ ಅಂತ ಆಕಿ ತೆಗೀಲಿ, ನಾವ್ಯಾರು?” ಎಂದರು. ಇನ್ನೊಂದು ಕಡೆ ಮೀಸೆಯವರು ಬಲಗಡೆಯ ಶೀಶೆ ತೋರಿಸಿ ‘ಎಡಗಡೆ’ ಎಂದಿದ್ದರು. ನಾನು ಅದನ್ನು ತಿದ್ದಿಬಿಡೋಣ ಎಂದೆ. ಮಾವನವರು ಪೆನ್ನು ಎತ್ತಿ ಹಿಡಿದರು. “ಅವ್ರು ಅಂದದ್ದು ಅಂದಂಗ ಇರಬೇಕು. ತಪ್ಪು ಅನಿಸಿದ್ರ ಬಾಜೂಕ ನಿಮ್ಮ ಹೆಸರಿಲೆ ಬರೀರಿ. ಅವ್ರ ಬಾಯಾಗ ನಿಮ್ಮ ಮಾತು ಹಾಕಬ್ಯಾಡ್ರಿ.” ನಾನು ನನ್ನ ಹೆಸರಿನಲ್ಲಿ ಬರೆದೆ. ನಿಜ ಹೇಳಬೇಕೆಂದರೆ, ಆ ಮಧ್ಯಾಹ್ನ ಆ ವಾಲಿದ ಹೆಬ್ಬೆರಳನ್ನು ನೋಡುತ್ತಾ ನನಗೆ ಅವರ ಮೇಲೆ ಬಹಳ ಪ್ರೀತಿ ಬಂತು.

ಬರೆದ ಹಾಳೆಗಳನ್ನು ಮರುದಿನ ಅಮರಮ್ಮನ ಅಂಗಡಿಗೆ ಒಯ್ದೆ. ಆಕೆ ಮುಖ ಕೊಡಲಿಲ್ಲ. ಮಶೀನಿನ ಮೇಲೆ ಇಟ್ಟು ನಿಂತೆ. ಯಾವುದೋ ರವಿಕೆಯ ತೋಳು ಮುಗಿಸಿ, ದಾರ ಕಡಿದು, ಓದತೊಡಗಿದರು. ಒಂದನೇ ಪುಟ, ಎರಡನೇ ಪುಟ. ನಾಯಿಯ ಸಾಲಿಗೆ ಬಂದಾಗ ತುಟಿ ಅಲುಗಿತು. ಐದನೇ ಪುಟದಲ್ಲಿ ನಿಂತುಬಿಟ್ಟರು. ನಾನು ಬಗ್ಗಿ ನೋಡಿದೆ. ನನಗೆ ತಿಳಿಯದಂತೆ ಮಾವನವರು ನಮ್ಮ ಹುಡುಗರನ್ನು ವಿಚಾರಿಸಿ, ಆ ಜಾಗದಲ್ಲಿ ಹೀಗೆ ಸೇರಿಸಿದ್ದರು: ‘ಟೀವಿ ಮಾಸ್ತರರು, “ನೀರಿಗೆ ಆಮ್ಲ ಹಾಕುವುದೂ ಆಮ್ಲಕ್ಕೆ ನೀರು ಹಾಕುವುದೂ ತಿಳಿಯದವರಿಗೆ ಎರಡೂ ಒಂದೇ, ಆದರೆ ಆಮ್ಲಕ್ಕೆ ನೀರು ಹಾಕಿದರೆ ಅದು ಕುದಿದು ಮುಖಕ್ಕೆ ಸಿಡಿಯುತ್ತದೆ” ಎಂದರು. ಅದೇ ಕ್ಷಣ ನಮ್ಮ ಮಾಸ್ತರರು “ಎರಡೂ ಒಂದೇ” ಎಂದರು. ಆದಕಾರಣ ಮಕ್ಕಳು ನಕ್ಕರು.’

ಅಮರಮ್ಮ ತಲೆ ಎತ್ತಿದರು. “ನಿಮಗ ನಕ್ಕಿದ್ರೇನ್ರೀ ಅವ್ರು? ನಾನು… ನನ್ನ ಮಾತು ಕೇಳಿ ನಕ್ರು ಅನ್ಕೊಂಡಿದ್ನೆಲ್ರೀ. ನನ್ನ ದನಿ ಹೆಂಗರ ಆಗೈತೇನೋ ಅಂತ ಎರಡ ದಿನದಿಂದ ಯಾರ ಕೂಡಾನೂ ಮಾತಾಡಿಲ್ಲ.” ಆಮೇಲೆ ನಗತೊಡಗಿದರು. ಬಸ್ಸಿಗೆ ಕಾಯುತ್ತಿದ್ದವರೆಲ್ಲ ತಿರುಗಿ ನೋಡುವಷ್ಟು ನಕ್ಕರು. ನನ್ನ ಮೂರ್ಖತನ ಯಾರಿಗಾದರೂ ಇಷ್ಟು ಉಪಕಾರ ಮಾಡಿದ್ದು ಅದೊಂದೇ ಸಲ. ನಾನು ಪಾಟಿ ತೆಗೆದುಕೊಂಡು ‘ತಪ್ಪಾಯಿತು’ ಎಂದು ಬರೆದೆ. ಆಕೆ ಅದನ್ನು ಒರೆಸದೆ ಕಪಾಟಿನ ಮೇಲೆ ಇಟ್ಟರು.

ಮುಂದಿನದನ್ನು ಆಕೆಯೇ ಕೈಗೆತ್ತಿಕೊಂಡರು. ಹಾಳೆ ನೋಡಿದರೆ ಟೀವಿ ತಪ್ಪುತ್ತದೆ, ಟೀವಿ ನೋಡಿದರೆ ಹಾಳೆ ತಪ್ಪುತ್ತದೆ ಎಂದು, ಹಳೆಯ ಕ್ಯಾಲೆಂಡರುಗಳ ಹಿಂಬದಿಯಲ್ಲಿ ಎಲ್ಲವನ್ನೂ ದಪ್ಪಕ್ಷರದಲ್ಲಿ ಬರೆದರು. ಮಾತು ಕರಿ ಮಸಿಯಲ್ಲಿ, ಸದ್ದು ಕೆಂಪಿನಲ್ಲಿ. ಹಾಳೆಗಳನ್ನು ಒಂದಕ್ಕೊಂದು ಮಶೀನಿನಲ್ಲಿ ಹೊಲಿದು, ಎರಡು ಲಟ್ಟಣಿಗೆಗಳಿಗೆ ಸುತ್ತಿದರು. ಒಂದು ಲಟ್ಟಣಿಗೆ ನಮ್ಮ ಮನೆಯದು, ಇನ್ನೊಂದು ಪಕ್ಕದ ಮನೆಯದು. ಆ ವಾರ ಎರಡೂ ಮನೆಯಲ್ಲಿ ಚಪಾತಿ ಇರಲಿಲ್ಲ. ಟೀವಿಯ ಮಗ್ಗುಲಲ್ಲಿ ನಾನು ಲಟ್ಟಣಿಗೆ ತಿರುವಬೇಕು, ಮಾವನವರು ಅಂಕಿ ನೋಡಿ ಬೆರಳೆತ್ತಬೇಕು. ಮೀಸೆಯವರು ಬಾಯಿ ಬಿಟ್ಟ ಹೊತ್ತಿಗೆ ಸರಿಯಾಗಿ ಅವರ ಮಾತು ಅಮರಮ್ಮನ ಕಣ್ಣ ಮುಂದೆ ಬಂದು ನಿಲ್ಲುತ್ತಿತ್ತು. ನಾನು ಒಂದು ಸಾಲು ಹಿಂದೆ ಬಿದ್ದರೆ ಬೈಗುಳ. ಎರಡನೇ ದಿನಕ್ಕೆ ಗಮನಿಸಿದೆ: ಕಿವಿ ಚೆನ್ನಾಗಿದ್ದ ನನ್ನ ನಲವತ್ತು ಹುಡುಗರೂ ಸುರುಳಿಯನ್ನೇ ಓದುತ್ತಿದ್ದರು. ಮೀಸೆಯವರ ಕನ್ನಡ ಅವರಿಗೆ ಅರ್ಧಂಬರ್ಧ ಹತ್ತುತ್ತಿತ್ತಂತೆ. ಇಷ್ಟು ದಿನ ಯಾಕೆ ಹೇಳಲಿಲ್ಲವೆಂದರೆ, ನಾನು ಕೇಳಿರಲಿಲ್ಲವಂತೆ.

ನಾಲ್ಕೂ ಪಾಠಗಳು ಮುಗಿದವು. ಕ್ಯಾಸೆಟ್ಟಿನ ಜೊತೆ ಮಾವನವರ ಹಾಳೆಗಳ ಒಂದು ನಕಲೂ ಸಿಂಧನೂರಿಗೆ ಹೋಯಿತು. ಅಮರಮ್ಮ ಪರೀಕ್ಷೆ ಬರೆದರು. ಫಲಿತಾಂಶ ಬಂದ ದಿನ ಪೇಢೆಯ ಪೊಟ್ಟಣ ಹಿಡಿದು ಮನೆಗೆ ಬಂದರು. ಪಾಸಾಗಿದ್ದರು. ಮೊದಲ ಪೇಢೆ ಮಾವನವರಿಗೆ, ಎರಡನೆಯದು ಲಟ್ಟಣಿಗೆ ಕೊಟ್ಟ ಶಾಂತಾಳಿಗೆ. ಮೂರನೆಯದನ್ನು ನನ್ನ ಕೈಗಿಟ್ಟು, “ಸರ, ಸಿಂಧನೂರಿಗೆ ಹೋಗೂದ್ರಾಗ ನಿಮ್ಮ ಪಾಠ ಒಂದು ಕೇಳಬೇಕ್ರೀ. ಟೀವಿಯವ್ರದು ಓದೀನಿ, ನಿಮ್ಮದು ಓದಿಲ್ಲ” ಎಂದರು. ನನಗೆ ಕಣ್ಣು ತುಂಬಿ ಬಂತು. ಅದಕ್ಕೇ ಮುಂದಿನ ಅಪಾಯ ಕಾಣಿಸಲಿಲ್ಲ.

ಮರುದಿನ ಮಾವನವರು ಟೊಪ್ಪಿಗೆ ಹಾಕಿಕೊಂಡು ನನ್ನ ತರಗತಿಯ ಕೊನೆಯ ಬೆಂಚಿನಲ್ಲಿ ಕೂತು, ಗಂಟೆಯಿಂದ ಗಂಟೆಯವರೆಗೆ ಬರೆದರು. ಸಂಜೆ ಅಮರಮ್ಮ ನಮ್ಮ ಪಡಸಾಲೆಯಲ್ಲಿ ಕೂತು ಓದಿದರು. ಶಾಂತಾ ಹೆಗಲ ಮೇಲಿಂದ ಓದಿದಳು. ಆರು ಪುಟ. ಸೀಮೆಸುಣ್ಣ ಯಾರು ತೆಗೆದರೆಂಬ ವಿಚಾರಣೆ ಒಂದು ಪುಟ, ಕಿಟಕಿ ಪಕ್ಕದ ಹುಡುಗನಿಗೆ ಬುದ್ಧಿವಾದ ಒಂದೂವರೆ ಪುಟ, ನಮ್ಮ ಕಾಲದಲ್ಲಿ ನಾವು ಹೇಗೆ ಓದುತ್ತಿದ್ದೆವು ಎಂಬುದು ಮೂರು ಪುಟ, ನಡುನಡುವೆ ‘ಇಲ್ಲಿ ಮಾಸ್ತರರು ತಮ್ಮ ಮಾತಿಗೆ ತಾವೇ ನಕ್ಕರು.’ ಅಮರಮ್ಮ ಕೊನೆಯ ಹಾಳೆಯನ್ನು ತಿರುವಿ ಹಿಂಬದಿ ನೋಡಿದರು.

“ಇದರಾಗ ಪಾಠ ಎಲ್ಲೈತ್ರೀ?”

ಮಾವನವರು ಪಾಟಿ ತೆಗೆದುಕೊಂಡು, ಸಾವಕಾಶವಾಗಿ, ಚಂದದ ಅಕ್ಷರದಲ್ಲಿ ಬರೆದರು: ‘ಸುರು ಮಾಡೂದ್ರಾಗ ಗಂಟಿ ಹೊಡೀತವ್ವ.’

ಶಾಂತಾ ಒಳಗೆ ಓಡಿದಳು. ಅಡುಗೆಮನೆಯಿಂದ ಬಂದ ಸದ್ದನ್ನು ಕೆಂಪು ಮಸಿಯಲ್ಲಿ ಬರೆಯಬೇಕಾಗಿತ್ತು. ಅಮರಮ್ಮ ಮಾತ್ರ ನಗಲಿಲ್ಲ. ಹಾಳೆಗಳನ್ನು ಅಂಚು ಸೇರಿಸಿ ಮಡಚಿ, ತಮ್ಮ ಚೀಲದಲ್ಲಿ ಇಟ್ಟುಕೊಂಡರು. “ಇರಲಿ ಬಿಡ್ರೀ ಸರ. ಇಷ್ಟ ವರ್ಷ ನಿಮ್ಮ ಸಾಲಿ ಮಕ್ಕಳ ಅಂಗಿ ಹೊಲ್ದೀನಿ, ನಿಮ್ಮ ದನಿ ಹೆಂಗೈತಿ ಅಂತ ಗೊತ್ತಿದ್ದಿಲ್ಲ. ಇವತ್ತ ಕೇಳಿದೆ” ಎಂದರು.

ಆಕೆ ಸಿಂಧನೂರಿಗೆ ಹೋದ ಮೇಲೆ ನಾನು ಮಾವನವರ ಹತ್ತಿರ, ಆ ಆರು ಪುಟ ಊರು ಬಿಟ್ಟು ಹೋದದ್ದು ಒಳ್ಳೆಯದೇ ಆಯಿತು ಎಂದು ನಿಟ್ಟುಸಿರಿಟ್ಟೆ. ಅವರು ಕನ್ನಡಕ ಒರೆಸುತ್ತಾ ಸೌಮ್ಯವಾಗಿಯೇ ಹೇಳಿದರು: “ಆಕಿ ಒಯ್ದದ್ದು ಅಸಲು ಮಾಸ್ತರ. ಕಾರ್ಬನ್ ಪ್ರತಿ ಶಾಂತಾನ ಟ್ರಂಕಿನ್ಯಾಗ ಐತಿ.”